ಮುಲುಕ ಮೈದಾನ ತೋಪನ್ನು ಮೇಜಿನ ಮೇಲಿಟ್ಟರೆ: ಪುಟ್ಟ ಮಾದರಿಗಳು ಹೇಳುವ ದೊಡ್ಡ ತೋಪುಗಳ ಕಥೆ

ವಿಜಯಪುರಕ್ಕೆ ಹೋದವರು ಗೋಲಗುಮ್ಮಟ ನೋಡಿದ ಮೇಲೆ ಮುಲುಕ ಮೈದಾನ ತೋಪನ್ನು ನೋಡದೆ ಬರುವುದಿಲ್ಲ. ಕೋಟೆಯ ಪಶ್ಚಿಮದ ಗೋಡೆಯಲ್ಲಿ ಷೇರ್ಜಾ ಬುರುಜು ಇದೆ. ಮೆಟ್ಟಿಲು ಹತ್ತಿ ಮೇಲೆ ಹೋದರೆ ಬಾಯಿ ತೆರೆದ ಸಿಂಹ, ಅದರ ಹಲ್ಲುಗಳ ನಡುವೆ ಸಿಕ್ಕಿಕೊಂಡ ಆನೆ. ಅದೇ ತೋಪಿನ ಬಾಯಿ. ಉದ್ದ 4.45 ಮೀಟರ್, ಬಾಯಿಯ ಹತ್ತಿರ ಅಡ್ಡಳತೆ ಸುಮಾರು 1.5 ಮೀಟರ್, ಗುಂಡು ಹೋಗುವ ತೂತಿನ ಅಡ್ಡಳತೆ 70 ಸೆಂಟಿಮೀಟರ್, ತೂಕ 55 ಟನ್ ಎನ್ನುತ್ತಾರೆ. ಬೆರಳಿನಿಂದ ತಟ್ಟಿದರೆ ಗಂಟೆಯ ಹಾಗೆ ನಾದ ಬರುತ್ತದೆ. ಫೋಟೊ ತೆಗೆದುಕೊಂಡು, ಗೈಡ್ ಹೇಳಿದ್ದನ್ನು ಕೇಳಿ ಕೆಳಗಿಳಿಯುತ್ತೇವೆ.

ಈಗ ಒಂದು ಬೇರೆ ಕೆಲಸ ಮಾಡೋಣ. ಇದೇ ತೋಪಿನ ಪುಟ್ಟ ಮಾದರಿಯನ್ನು ಮಕ್ಕಳು ಮನೆಯಲ್ಲಿ ಜೋಡಿಸುವ ಹಾಗೆ ಒಂದು ಡಬ್ಬಿಯಲ್ಲಿ ಕೊಡಬೇಕು ಎಂದುಕೊಳ್ಳಿ. ಬಿಡಿಭಾಗಗಳು, ಒಂದು ಚೀಟಿ, ಅಂಟು. ಇದಕ್ಕೆ ಮಾಡೆಲ್ ಕಿಟ್ ಎನ್ನುತ್ತಾರೆ. ವಿಮಾನ, ಟ್ಯಾಂಕ್, ಹಡಗುಗಳ ಕಿಟ್‌ಗಳು ಜಗತ್ತಿನಾದ್ಯಂತ ಮಾರಾಟವಾಗುತ್ತವೆ. ಹಳೆಯ ತೋಪು, ಬಂದೂಕುಗಳ ಕಿಟ್‌ಗಳೂ ಇವೆ. ಅವನ್ನು ರೂಪಿಸುವವರು ನೋಡುವ ಕಣ್ಣಿನಿಂದ ತೋಪನ್ನು ನೋಡಿದರೆ, ಗೈಡ್ ಹೇಳದ ಎಷ್ಟೋ ಸಂಗತಿಗಳು ಕಾಣುತ್ತವೆ. ನಮ್ಮ ಊರ ಕೋಟೆಯಲ್ಲಿ ಬಿದ್ದಿರುವ ತೋಪುಗಳ ಬಗ್ಗೆ ನಾವು ಎಷ್ಟು ಕಡಿಮೆ ಬರೆದಿಟ್ಟಿದ್ದೇವೆ ಎಂಬುದೂ ಗೊತ್ತಾಗುತ್ತದೆ.

ಅರಸರ ಆಟಿಕೆಯಲ್ಲ

ತೋಪಿನ ಪುಟ್ಟ ಮಾದರಿ ಮಾಡುವುದು ಇಂದಿನ ಹವ್ಯಾಸವಲ್ಲ. ಪ್ಯಾರಿಸ್ ನಗರದ ಇನ್ವಾಲಿಡ್ ಎಂಬ ಕಟ್ಟಡದಲ್ಲಿ ಫ್ರಾನ್ಸಿನ ಸೇನಾ ಮ್ಯೂಸಿಯಂ ಇದೆ. ಅಲ್ಲಿ ಹದಿನೇಳನೇ ಶತಮಾನದಿಂದ ಈಚೆಗೆ ಮಾಡಿದ ಪುಟ್ಟ ತೋಪುಗಳ ದೊಡ್ಡ ಸಂಗ್ರಹವಿದೆ. ಕಂಚಿನ ನಳಿಗೆ, ಮರದ ಬಂಡಿ, ಕಬ್ಬಿಣದ ಪಟ್ಟಿ, ಚಕ್ರದ ಅರೆಕಾಲು ಎಲ್ಲವೂ ನಿಜದ್ದರ ಹಾಗೆಯೇ, ಆದರೆ ಚಿಕ್ಕದು. ಹೊಸ ತೋಪಿನ ರೂಪ ಹೇಗಿರುತ್ತದೆ ಎಂದು ಅಧಿಕಾರಿಗಳಿಗೆ ತೋರಿಸಲು, ಸೇನಾ ಶಾಲೆಯಲ್ಲಿ ಪಾಠ ಹೇಳಲು, ಕೆಲವೊಮ್ಮೆ ರಾಜಕುಮಾರರಿಗೆ ಕಾಣಿಕೆ ಕೊಡಲು ಇವನ್ನು ಮಾಡುತ್ತಿದ್ದರು.

ತೋಪು ಮಾತ್ರವಲ್ಲ, ಇಡೀ ಕೋಟೆಗಳನ್ನೇ ಅವರು ಚಿಕ್ಕದಾಗಿ ಮಾಡಿಸಿದರು. ಹದಿನಾಲ್ಕನೇ ಲೂಯಿಯ ಯುದ್ಧ ಮಂತ್ರಿ ಲೂವಾ 1668ರಲ್ಲಿ ಈ ಕೆಲಸ ಶುರುಮಾಡಿಸಿದ. ಗಡಿಯ ಕೋಟೆ ಪಟ್ಟಣಗಳನ್ನು 600ರಲ್ಲಿ ಒಂದು ಪಾಲಿನ ಅಳತೆಗೆ, ಮನೆ, ಬೀದಿ, ಗುಡ್ಡ, ಹೊಳೆಗಳ ಸಮೇತ ಮರ, ಕಾಗದ, ಬಟ್ಟೆಯಲ್ಲಿ ಕಟ್ಟಿಸಿದರು. ನಕ್ಷೆಯಲ್ಲಿ ಗುಡ್ಡದ ಎತ್ತರ ಕಾಣುವುದಿಲ್ಲ. ಮಾದರಿಯಲ್ಲಿ ಯಾವ ಗುಡ್ಡದ ಮೇಲೆ ತೋಪಿಟ್ಟರೆ ಯಾವ ಗೋಡೆ ಒಡೆಯುತ್ತದೆ ಎಂದು ಅರಮನೆಯಲ್ಲೇ ಕುಳಿತು ನೋಡಬಹುದಿತ್ತು. ಶತ್ರುವಿನ ಕೈಗೆ ಸಿಕ್ಕರೆ ಅಪಾಯ ಎಂದು ಅವನ್ನು ಕಾಪಾಡಿ ಇಟ್ಟಿದ್ದರು.

ಅಂದರೆ ಮಾದರಿ ಎಂಬುದು ಆಗ ಆಟಿಕೆಯಾಗಿರಲಿಲ್ಲ, ದಾಖಲೆಯಾಗಿತ್ತು. ನಿಜವಾದ ತೋಪುಗಳು ಯುದ್ಧದಲ್ಲಿ ಒಡೆದವು, ಕರಗಿ ಬೇರೆ ತೋಪಾದವು, ನಾಣ್ಯವಾದವು. ಕಪಾಟಿನಲ್ಲಿದ್ದ ಚಿಕ್ಕವು ಉಳಿದುಕೊಂಡವು. ಕಾಣೆಯಾದ ಒಂದು ತೋಪಿನ ಬಂಡಿ ಹೇಗಿತ್ತು ಎಂದು ತಿಳಿಯಲು ಇಂದಿನವರು ಆ ಚಿಕ್ಕದನ್ನೇ ನೋಡುತ್ತಾರೆ.

ಯಾವ ಭಾಗಕ್ಕೆ ಯಾವ ಭಾಗವಾದರೂ ಸರಿ

ಕಿಟ್ ಡಬ್ಬಿಯನ್ನು ತೆರೆದರೆ ಒಳಗೆ ನಂಬರ್ ಹಾಕಿದ ಭಾಗಗಳಿರುತ್ತವೆ. 4ನೇ ಭಾಗವನ್ನು 5ನೇ ಭಾಗಕ್ಕೆ ಅಂಟಿಸಿ ಎಂದು ಚೀಟಿ ಹೇಳುತ್ತದೆ. ಅದು ಸರಿಯಾಗಿ ಕೂರುತ್ತದೆ. ನನ್ನ ಡಬ್ಬಿಯ 4ನೇ ಭಾಗ ಕಳೆದುಹೋದರೆ ನಿಮ್ಮ ಡಬ್ಬಿಯದನ್ನು ತಂದು ಹಾಕಬಹುದು. ಇದು ನಮಗೆ ಈಗ ದೊಡ್ಡ ಸಂಗತಿ ಅನ್ನಿಸುವುದಿಲ್ಲ. ಪಂಪ್‌ಸೆಟ್ಟಿನ ಬೇರಿಂಗ್ ಹೋದರೆ ನಂಬರ್ ಹೇಳಿ ಅಂಗಡಿಯಿಂದ ತರುತ್ತೇವಲ್ಲ, ಹಾಗೆ.

ಆದರೆ 250 ವರ್ಷಗಳ ಹಿಂದೆ ಬಂದೂಕಿನಲ್ಲಿ ಇದು ಸಾಧ್ಯವಿರಲಿಲ್ಲ. ಒಬ್ಬ ಕಮ್ಮಾರ ಮಾಡಿದ ಬಂದೂಕಿನ ಸ್ಪ್ರಿಂಗ್ ಮುರಿದರೆ, ಇನ್ನೊಂದು ಬಂದೂಕಿನ ಸ್ಪ್ರಿಂಗ್ ಅದಕ್ಕೆ ಕೂರುತ್ತಿರಲಿಲ್ಲ. ಕುಶಲಕರ್ಮಿಯೊಬ್ಬ ಕುಳಿತು, ಅರ ಹಾಕಿ ಉಜ್ಜಿ, ಆ ಒಂದು ಬಂದೂಕಿಗೆ ಮಾತ್ರ ಹೊಂದುವ ಹೊಸ ಭಾಗ ಮಾಡಬೇಕಿತ್ತು. ಯುದ್ಧಭೂಮಿಯಲ್ಲಿ ಹಾಗೆ ಕೂರುವವರು ಯಾರು? ಸಣ್ಣ ಭಾಗವೊಂದು ಹೋದರೆ ಇಡೀ ಬಂದೂಕು ಮೂಲೆ ಸೇರುತ್ತಿತ್ತು.

ಫ್ರಾನ್ಸಿನ ತೋಪು ಪಡೆಯ ಅಧಿಕಾರಿ ಗ್ರಿಬೋವಾಲ್ 1765ರಲ್ಲಿ ಹೊಸ ಪದ್ಧತಿ ತಂದ. ತೋಪುಗಳ ಗಾತ್ರ ಇಷ್ಟೇ ಬಗೆ ಎಂದು ನಿಗದಿ ಮಾಡಿದ. ಚಕ್ರ, ಅಚ್ಚು, ಬಂಡಿ ಎಲ್ಲಕ್ಕೂ ಅಳತೆ ಪಟ್ಟಿ ಮಾಡಿಸಿದ. ಯಾವ ಕಾರ್ಖಾನೆಯಲ್ಲಿ ಮಾಡಿದರೂ ಚಕ್ರ ಒಂದೇ ಅಳತೆಯಲ್ಲಿ ಇರಬೇಕು ಎಂಬುದು ಅವನ ಹಟ. ಅದೇ ವಿಚಾರವನ್ನು ಒನೋರೆ ಬ್ಲಾಂ ಎಂಬ ಬಂದೂಕು ತಯಾರಕ ಬಂದೂಕಿಗೆ ತಂದ. ಕುದುರೆ ಎಳೆದರೆ ಕಲ್ಲು ಉಕ್ಕಿಗೆ ತಾಗಿ ಕಿಡಿ ಹಾರಿಸುವ ಯಂತ್ರಭಾಗಕ್ಕೆ ಲಾಕ್ ಎನ್ನುತ್ತಾರೆ. ಅವನು ಅದನ್ನೇ ಹಿಡಿದುಕೊಂಡ.

1785ರಲ್ಲಿ ಪ್ಯಾರಿಸ್ಸಿನಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಥಾಮಸ್ ಜೆಫರ್ಸನ್ ಇವನ ಕೆಲಸ ನೋಡಲು ಹೋದ. ಮುಂದೆ ಅಮೆರಿಕದ ಅಧ್ಯಕ್ಷನಾದವನು ಇವನೇ. ಬ್ಲಾಂ 50 ಲಾಕ್‌ಗಳ ಬಿಡಿಭಾಗಗಳನ್ನು ಬೇರೆ ಬೇರೆ ಖಾನೆಗಳಲ್ಲಿ ಹಾಕಿ ಮುಂದಿಟ್ಟ. ಜೆಫರ್ಸನ್ ಕೈಗೆ ಸಿಕ್ಕ ಭಾಗಗಳನ್ನು ಎತ್ತಿಕೊಂಡು ತಾನೇ ಹಲವು ಲಾಕ್‌ಗಳನ್ನು ಜೋಡಿಸಿದ. ಎಲ್ಲವೂ ಸರಿಯಾಗಿ ಕೂತವು. ಅವನು ಬೆರಗಾಗಿ ತನ್ನ ದೇಶಕ್ಕೆ ಕಾಗದ ಬರೆದ.

ಆ ದಿನ ಅವನು ಮಾಡಿದ್ದು ಏನು? ಇಂದು ಮಕ್ಕಳು ಕಿಟ್ ಡಬ್ಬಿಯಿಂದ ಭಾಗಗಳನ್ನೆತ್ತಿ ಜೋಡಿಸುವ ಕೆಲಸವನ್ನೇ. ವ್ಯತ್ಯಾಸವೆಂದರೆ ಅವನ ಮುಂದಿದ್ದದ್ದು ನಿಜವಾದ ಬಂದೂಕಿನ ಭಾಗ. ಬ್ಲಾಂ ಮಾಡಿದ್ದು ಫ್ರಾನ್ಸಿನಲ್ಲಿ ಹೆಚ್ಚು ಕಾಲ ನಡೆಯಲಿಲ್ಲ. ಅಮೆರಿಕದ ಸರ್ಕಾರಿ ಬಂದೂಕು ಕಾರ್ಖಾನೆಗಳು ಹತ್ತೊಂಬತ್ತನೇ ಶತಮಾನದಲ್ಲಿ ಅದನ್ನು ಯಂತ್ರಗಳಿಂದ ಸಾಧಿಸಿದವು. ಅಲ್ಲಿಂದ ಅದು ಹೊಲಿಗೆ ಯಂತ್ರ, ಸೈಕಲ್, ಮೋಟರ್ ಕಾರುಗಳಿಗೆ ಹಬ್ಬಿತು. ನಮ್ಮ ಬೇರಿಂಗ್ ನಂಬರಿನ ಬೇರು ಕೂಡ ಆ ಬಂದೂಕು ಮನೆಯ ಕಡೆಗೇ ಹೋಗುತ್ತದೆ.

ಡಬ್ಬಿಯೊಳಗೆ ಮೊದಲು ಬಂದದ್ದು ಟ್ರ್ಯಾಕ್ಟರ್

ಪ್ಲಾಸ್ಟಿಕ್ ಕಿಟ್‌ಗಳ ಕಾಲ ಶುರುವಾದದ್ದು 1930ರ ದಶಕದಲ್ಲಿ, ಇಂಗ್ಲೆಂಡಿನಲ್ಲಿ, ವಿಮಾನಗಳ ಮಾದರಿಯಿಂದ. ಆದರೆ ಜಗತ್ತಿನಲ್ಲೇ ಹೆಸರಾದ ಏರ್‌ಫಿಕ್ಸ್ ಕಂಪನಿಯ ಮೊದಲ ಮಾದರಿ ಯುದ್ಧದ ಯಂತ್ರವಲ್ಲ. ಅದು 1949ರ ಫರ್ಗ್ಯುಸನ್ ಟ್ರ್ಯಾಕ್ಟರ್. ಟ್ರ್ಯಾಕ್ಟರ್ ಮಾರುವ ಏಜೆಂಟರು ರೈತರಿಗೆ ತೋರಿಸಲು ಕೈಯಲ್ಲಿ ಹಿಡಿದುಕೊಂಡು ಹೋಗಲಿ ಎಂದು ಅದನ್ನು ಮಾಡಿಸಿದ್ದರು. ಆಮೇಲೆ ಅದೇ ಬಿಡಿಭಾಗಗಳಾಗಿ ಡಬ್ಬಿಯಲ್ಲಿ ಮಾರಾಟಕ್ಕೆ ಬಂತು. ಟ್ಯಾಂಕು, ತೋಪುಗಳು ಹಿಂದೆ ಬಂದವು.

ಕಿಟ್ ಮಾಡುವವರು ಮೊದಲು ತೀರ್ಮಾನಿಸುವುದು ಅಳತೆಯ ಪ್ರಮಾಣ. ಶಾಲೆಯ ಭೂಪಟದಲ್ಲಿ ಇಷ್ಟು ಸೆಂಟಿಮೀಟರಿಗೆ ಇಷ್ಟು ಕಿಲೋಮೀಟರ್ ಎಂದು ಬರೆದಿರುತ್ತದಲ್ಲ, ಅದೇ. 72ರಲ್ಲಿ ಒಂದು ಪಾಲು ಎಂಬುದು ಹೆಸರಾದ ಅಳತೆ. ಆರು ಅಡಿ ಎಂದರೆ 72 ಇಂಚು. ಆರು ಅಡಿ ಎತ್ತರದ ಮನುಷ್ಯ ಒಂದು ಇಂಚು ಆಗುತ್ತಾನೆ. ಲೆಕ್ಕ ಸುಲಭ.

ಟ್ಯಾಂಕು, ತೋಪುಗಳಿಗೆ 35ರಲ್ಲಿ ಒಂದು ಪಾಲು ಎಂಬ ಅಳತೆ ಈಗ ಎಲ್ಲೆಡೆ ನಡೆಯುತ್ತದೆ. ಇದರ ಹಿಂದೆ ಯಾವ ಶಾಸ್ತ್ರವೂ ಇಲ್ಲ. ಜಪಾನಿನ ತಾಮಿಯಾ ಕಂಪನಿ 1960ರ ದಶಕದ ಆರಂಭದಲ್ಲಿ ಮೋಟರ್‌ನಿಂದ ಓಡುವ ಟ್ಯಾಂಕ್ ಮಾದರಿ ಮಾಡಿತು. ಒಳಗೆ ಬ್ಯಾಟರಿ ಮತ್ತು ಮೋಟರ್ ಹಿಡಿಸುವಷ್ಟು ಜಾಗ ಬೇಕಿತ್ತು. ಆಮೇಲೆ ಅಳೆದು ನೋಡಿದರೆ ಅದು ನಿಜವಾದ ಟ್ಯಾಂಕಿನ ಸುಮಾರು 35ನೇ ಒಂದು ಪಾಲು ಇತ್ತು. ಬ್ಯಾಟರಿಯ ಗಾತ್ರದಿಂದ ಹುಟ್ಟಿದ ಆ ಅಳತೆಯನ್ನೇ ಬೇರೆ ಕಂಪನಿಗಳೂ ಹಿಡಿದವು.

ನಾವೂ ಅದನ್ನೇ ಹಿಡಿಯೋಣ.

ತೋಪನ್ನು ಕುಗ್ಗಿಸುವ ಲೆಕ್ಕ

ಮುಲುಕ ಮೈದಾನದ 4.45 ಮೀಟರ್ ಉದ್ದವನ್ನು 35ರಿಂದ ಭಾಗಿಸಿದರೆ 12.7 ಸೆಂಟಿಮೀಟರ್. ಒಂದು ಮೊಬೈಲಿಗಿಂತ ಚಿಕ್ಕದು. ಬಾಯಿಯ ಹೊರ ಅಡ್ಡಳತೆ 4.3 ಸೆಂಟಿಮೀಟರ್, ತೂತು 2 ಸೆಂಟಿಮೀಟರ್. ಪಕ್ಕದಲ್ಲಿ ನಿಲ್ಲುವ ಮನುಷ್ಯ ನಿಮ್ಮ ಕಿರುಬೆರಳಿಗಿಂತ ಚಿಕ್ಕವನು.

ಇನ್ನು ತೂಕ. 55 ಟನ್ನನ್ನು 35ರಿಂದ ಭಾಗಿಸಿದರೆ ಒಂದೂವರೆ ಟನ್. ಮೊಬೈಲಿಗಿಂತ ಚಿಕ್ಕ ವಸ್ತು ಒಂದೂವರೆ ಟನ್ ತೂಗುತ್ತದೆಯೇ? ಇಲ್ಲ. ಇಲ್ಲಿ ತಪ್ಪಿದ್ದು ಲೆಕ್ಕದ ದಾರಿ. ಉದ್ದ ಮಾತ್ರವಲ್ಲ, ಅಗಲವೂ ಎತ್ತರವೂ 35 ಪಟ್ಟು ಕಡಿಮೆಯಾಗಿವೆ. ಆದ್ದರಿಂದ 35ನ್ನು ಮೂರು ಸಲ ಗುಣಿಸಬೇಕು. 42,875 ಬರುತ್ತದೆ. 55,000 ಕಿಲೋವನ್ನು ಅದರಿಂದ ಭಾಗಿಸಿದರೆ ಸುಮಾರು 1.28 ಕಿಲೋ. ಅದೇ ಲೋಹದಲ್ಲಿ ಎರಕ ಹೊಯ್ದರೆ ನಮ್ಮ ಪುಟ್ಟ ತೋಪು ಒಂದು ಕಾಲು ಕಿಲೋ ತೂಗುತ್ತದೆ.

ಇದೇ ಲೆಕ್ಕವನ್ನು ತಿರುಗಿಸಿದರೆ ಪುಸ್ತಕದಲ್ಲಿರುವ 55 ಟನ್ ನಿಜಕ್ಕೆ ಹತ್ತಿರವೇ ಎಂದು ಪರೀಕ್ಷಿಸಬಹುದು. ತೋಪನ್ನು 1.5 ಮೀಟರ್ ಅಡ್ಡಳತೆಯ, 4.45 ಮೀಟರ್ ಉದ್ದದ ಒಂದು ಕಂಬ ಎಂದುಕೊಳ್ಳಿ. ನಡುವೆ 70 ಸೆಂಟಿಮೀಟರ್ ತೂತು ಕೊರೆಯಿರಿ. ಉಳಿಯುವ ಲೋಹ ಸುಮಾರು 6.15 ಘನ ಮೀಟರ್. ಕಂಚು ಒಂದು ಘನ ಮೀಟರಿಗೆ ಸುಮಾರು 8.7 ಟನ್ ತೂಗುತ್ತದೆ. ಗುಣಿಸಿದರೆ 53 ಟನ್ ಚಿಲ್ಲರೆ. ನಿಜವಾದ ತೋಪು ನೇರ ಕಂಬವಲ್ಲ, ತೂತೂ ಕೊನೆಯತನಕ ಒಂದೇ ಅಗಲವಲ್ಲ. ಆದರೂ ಲೆಕ್ಕ ಹತ್ತಿರ ಬಂತು. ಹತ್ತನೇ ತರಗತಿಯ ಗಣಿತದಿಂದ ಒಂದು ಐತಿಹಾಸಿಕ ಅಂಕಿಯನ್ನು ತೂಗಿ ನೋಡಿದೆವು.

ಇನ್ನೊಂದು ಲೆಕ್ಕ. ಈ ಬಾಯಿಗೆ ಹಿಡಿಸುವ, 65 ಸೆಂಟಿಮೀಟರ್ ಅಡ್ಡಳತೆಯ ಒಂದು ಕಲ್ಲಿನ ಗುಂಡು ಎಷ್ಟು ತೂಗಬಹುದು? ಸುಮಾರು 400 ಕಿಲೋ. ಎಂಟು ಮೂಟೆ ಭತ್ತದ ತೂಕ. ಅದನ್ನು ಎತ್ತಿ ಬಾಯಿಗೆ ತುಂಬುವುದಕ್ಕೇ ಎಷ್ಟು ಜನ, ಎಷ್ಟು ಹೊತ್ತು ಬೇಕು ಯೋಚಿಸಿ. ಇಂಥ ತೋಪು ನಿಮಿಷಕ್ಕೊಮ್ಮೆ ಗುಂಡು ಹಾರಿಸುವ ಯಂತ್ರ ಆಗಿರಲು ಸಾಧ್ಯವಿಲ್ಲ. ಸಿನಿಮಾದಲ್ಲಿ ತೋರಿಸುವ ದೃಶ್ಯಕ್ಕೂ ಇದಕ್ಕೂ ದೂರ ಎಂದು ಲೆಕ್ಕವೇ ಹೇಳುತ್ತದೆ.

ಒಂದು ಅಚ್ಚು, ಒಂದೇ ತೋಪು

ಈ ತೋಪನ್ನು ಎರಕ ಹೊಯ್ದದ್ದು ವಿಜಯಪುರದಲ್ಲಲ್ಲ, ಅಹ್ಮದ್‌ನಗರದಲ್ಲಿ. ವರ್ಷ 1549, ಬುರ್ಹಾನ್ ನಿಜಾಮ್ ಷಾಹನ ಕಾಲ. ಎರಕಗಾರನ ಹೆಸರಿನ ಕೊನೆಯಲ್ಲಿ ರೂಮಿ ಎಂದಿದೆ. ರೂಮ್ ಎಂದರೆ ಇಂದಿನ ತುರ್ಕಿಯ ಕಡೆಯ ನಾಡು. ತೋಪಿನ ವಿದ್ಯೆ ಬಲ್ಲ ಕಸಬುದಾರರು ಆಗ ದಖ್ಖನಿನ ಸುಲ್ತಾನರ ಬಳಿಗೆ ಸಮುದ್ರ ದಾಟಿ ಬರುತ್ತಿದ್ದರು. ತೋಪಿನ ಮೈಮೇಲೆ ಆ ಕಾಲದ ಬರಹವೂ ಇದೆ, ಮುಂದೆ 1686ರಲ್ಲಿ ವಿಜಯಪುರವನ್ನು ಗೆದ್ದ ಔರಂಗಜೇಬನ ಕಾಲದ ಬರಹವೂ ಇದೆ. ಎರಡು ಕಾಲದ ಒಡೆಯರು ಒಂದೇ ಲೋಹದ ಮೇಲೆ ತಮ್ಮ ಗುರುತು ಬಿಟ್ಟಿದ್ದಾರೆ.

ಆ ಕಾಲದ ಕಂಚಿನ ತೋಪಿನ ಎರಕ ಎಂದರೆ ಮಣ್ಣಿನ ಅಚ್ಚು. ದೇವರ ಮೂರ್ತಿ, ಗುಡಿಯ ಗಂಟೆ ಎರಕ ಹೊಯ್ಯುವವರನ್ನು ನೋಡಿದವರಿಗೆ ಇದು ಗೊತ್ತು. ಅಚ್ಚು ಒಣಗಿಸಿ, ಕಾದ ಲೋಹ ಸುರಿದು, ತಣ್ಣಗಾದ ಮೇಲೆ ಅಚ್ಚನ್ನು ಒಡೆದು ತೋಪನ್ನು ಹೊರತೆಗೆಯುತ್ತಾರೆ. ಅಚ್ಚು ಹೋಯಿತು. ಅಂಥದ್ದೇ ಇನ್ನೊಂದು ಬೇಕೆಂದರೆ ಮತ್ತೆ ಮೊದಲಿನಿಂದ ಮಣ್ಣು ಕಲಸಬೇಕು. ಆದ್ದರಿಂದ ಒಂದರಂತೆ ಇನ್ನೊಂದು ತೋಪು ಇಲ್ಲ.

ಕಿಟ್ಟಿನ ಅಚ್ಚು ಇದಕ್ಕೆ ತದ್ವಿರುದ್ಧ. ಅದು ಉಕ್ಕಿನ ಎರಡು ತುಂಡು. ಮುಚ್ಚಿ, ಬಿಸಿ ಪ್ಲಾಸ್ಟಿಕ್ ತುಂಬಿ, ತೆರೆದರೆ ಭಾಗಗಳು ಬೀಳುತ್ತವೆ. ಸಾವಿರಾರು ಸಲ ಮಾಡಬಹುದು. ಆದರೆ ಒಂದು ಷರತ್ತಿದೆ. ಭಾಗ ಅಚ್ಚಿನಿಂದ ನೇರವಾಗಿ ಹೊರಬರಬೇಕು. ಇಟ್ಟಿಗೆ ಕೊಯ್ಯುವವರ ಅಚ್ಚನ್ನು ನೆನಪು ಮಾಡಿಕೊಳ್ಳಿ. ಅದರೊಳಗೆ ಒಂದು ಮೊಳೆ ಚಾಚಿದ್ದರೆ ಇಟ್ಟಿಗೆ ಹೊರಬರುವಾಗ ಹರಿದುಹೋಗುತ್ತದೆ.

ಈಗ ಸಿಂಹದ ಬಾಯಿ ನೋಡಿ. ದವಡೆ, ಕೋರೆ ಹಲ್ಲು, ಅದರ ಸಂದಿಯಲ್ಲಿ ಆನೆ. ಎಲ್ಲ ಕಡೆ ಕೊಕ್ಕೆಯ ಹಾಗೆ ಒಳಗೆ ಬಾಗಿದ ಮೂಲೆಗಳು. ಎರಡು ತುಂಡಿನ ಅಚ್ಚಿನಲ್ಲಿ ಇದು ಬರುವುದಿಲ್ಲ. ಕಿಟ್ ರೂಪಿಸುವವರು ನಳಿಗೆಯನ್ನು ಉದ್ದಕ್ಕೆ ಎರಡು ಹೋಳು ಮಾಡಿ, ಸಿಂಹದ ಮುಖವನ್ನು ಬೇರೆ ಮೂರು ನಾಲ್ಕು ಭಾಗವಾಗಿ ಮಾಡಿ, ಆನೆಯನ್ನು ಪ್ರತ್ಯೇಕ ಕೊಡಬೇಕಾಗುತ್ತದೆ. ಎಲ್ಲಿ ಕತ್ತರಿಸಬೇಕು ಎಂದು ಯೋಚಿಸುತ್ತಾ ಹೋದಂತೆ ಒಂದು ಮಾತು ಹೊಳೆಯುತ್ತದೆ. ಉಕ್ಕಿನ ಅಚ್ಚಿಗೆ ಕಷ್ಟವಾಗುವ ಈ ಮುಖವನ್ನು ಆ ರೂಮಿ ಎರಕಗಾರ ಐದು ಅಡಿ ಅಗಲದ ಲೋಹದಲ್ಲಿ ಮಣ್ಣಿನ ಅಚ್ಚಿನಿಂದಲೇ ಸಾಧಿಸಿದ್ದ.

ಇಲ್ಲದ ಭಾಗಗಳು

ಕಿಟ್ಟಿಗೆ ತೋಪು ಮಾತ್ರ ಸಾಲದು. ಅದು ಯಾವುದರ ಮೇಲೆ ಕೂತಿತ್ತು? ಹೇಗೆ ತಿರುಗುತ್ತಿತ್ತು? ಗುಂಡು ಹಾರಿದಾಗ ಹಿಂದಕ್ಕೆ ಒದೆಯುವ ಬಲವನ್ನು ಯಾರು ತಡೆಯುತ್ತಿದ್ದರು? ಮುಲುಕ ಮೈದಾನದ ಮೂಲ ಆಸನ ಇಂದು ಇಲ್ಲ. ಇಲ್ಲಿ ರೂಪಿಸುವವರು ಊಹಿಸಲೇಬೇಕು. ಊಹೆಗೆ ಆಧಾರ ಬೇಕು.

ದಖ್ಖನಿನ ಕೋಟೆಗಳಲ್ಲಿ ಆಧಾರ ಸಿಗುತ್ತದೆ. ಬುರುಜಿನ ನಡುವೆ ಕಲ್ಲಿನಲ್ಲಿ ಒಂದು ಕುಳಿ. ಅದರಲ್ಲಿ ನಿಂತ ಕವೆಯಾಕಾರದ ಕಬ್ಬಿಣದ ಆಧಾರ. ತೋಪಿನ ಎರಡು ಪಕ್ಕದ ಗೂಟಗಳು ಆ ಕವೆಯ ಮೇಲೆ ಕೂರುತ್ತವೆ. ಕವೆ ತಿರುಗಿದರೆ ತೋಪೂ ತಿರುಗುತ್ತದೆ. ಹಿಂದೆ ಅರ್ಧವೃತ್ತದ ಗಟ್ಟಿ ಗೋಡೆ, ಒದೆತ ತಡೆಯಲು. ಯುರೋಪಿನವರು ತೋಪಿಗೆ ಚಕ್ರದ ಬಂಡಿ ಕಟ್ಟಿ ಹಿಂದಕ್ಕೆ ಉರುಳಲು ಬಿಟ್ಟರೆ, ಇಲ್ಲಿನವರು ಅದನ್ನು ಬುರುಜಿಗೇ ಕಟ್ಟಿ ಸುತ್ತ ತಿರುಗಿಸಿದರು. ಕೋಟೆಗೆ ಹೋದಾಗ ಬುರುಜಿನ ಮೇಲೆ ಖಾಲಿ ಕುಳಿ ಮತ್ತು ಬಾಗಿದ ಗೋಡೆ ಕಂಡರೆ, ಅಲ್ಲಿ ತೋಪು ಇತ್ತು ಎಂದು ಓದಿಕೊಳ್ಳಬಹುದು. ತೋಪು ಹೋದರೂ ಅದರ ಜಾಗ ಮಾತಾಡುತ್ತದೆ.

ವಿಜಯಪುರದಲ್ಲೇ ಇರುವ ಉಪ್ಪಲಿ ಬುರುಜಿಗೆ ಹೋದರೆ ಬೇರೆಯೇ ಪಾಠ. ಸುಮಾರು 80 ಅಡಿ ಎತ್ತರದ ದುಂಡು ಬುರುಜು, ಹೊರಗಿನಿಂದ ಸುತ್ತಿ ಹತ್ತುವ ಮೆಟ್ಟಿಲು. ಮೇಲಿರುವ ಉದ್ದನೆಯ ತೋಪು 30 ಅಡಿ ದಾಟುತ್ತದೆ. ತೂತು ಮಾತ್ರ ಒಂದು ಅಡಿ. ನಮ್ಮ 35ರ ಅಳತೆಗೆ ತಂದರೆ 27 ಸೆಂಟಿಮೀಟರ್ ಉದ್ದ, 9 ಮಿಲಿಮೀಟರ್ ತೂತು. ಮುಲುಕ ಮೈದಾನ ಗುಂಡುಕಲ್ಲಿನ ಹಾಗಿದ್ದರೆ ಇದು ಕಬ್ಬಿನ ಜಲ್ಲೆಯ ಹಾಗೆ. ಇದು ಎರಕವಲ್ಲ. ಕಬ್ಬಿಣದ ಪಟ್ಟಿಗಳನ್ನು ಉದ್ದಕ್ಕೆ ಜೋಡಿಸಿ, ಮೇಲೆ ಕಾದ ಬಳೆಗಳನ್ನು ತೊಡಿಸಿ ಬಿಗಿದದ್ದು. ಎತ್ತಿನ ಗಾಡಿಯ ಚಕ್ರಕ್ಕೆ ಕಮ್ಮಾರರು ಕಾದ ಪಟ್ಟಾ ಏರಿಸಿ ನೀರು ಹೊಯ್ಯುವುದನ್ನು ನೋಡಿದ್ದೀರಲ್ಲ, ಅದೇ ವಿದ್ಯೆ. ಬಳೆ ತಣ್ಣಗಾದಂತೆ ಕುಗ್ಗಿ ಬಿಗಿಯಾಗುತ್ತದೆ. ಕಿಟ್ಟಿನಲ್ಲಿ ಇದನ್ನು ಒಂದೇ ನಯವಾದ ಕೊಳವೆಯಾಗಿ ಮಾಡಿದರೆ ಕಮ್ಮಾರರ ಆ ಇಡೀ ಶ್ರಮ ಅಳಿಸಿಹೋಗುತ್ತದೆ. ಬಳೆಗಳನ್ನು ಒಂದೊಂದಾಗಿ ಏರಿಸುವ ಹಾಗೆ ಭಾಗಗಳನ್ನು ಕೊಟ್ಟರೆ, ಜೋಡಿಸುವ ಮಗು ಆ ವಿದ್ಯೆಯನ್ನು ಕೈಯಿಂದಲೇ ಕಲಿಯುತ್ತದೆ.

ಶಿವಮೊಗ್ಗದ ಉದಾಹರಣೆ ಇನ್ನೊಂದು. ಹೊಸನಗರ ತಾಲೂಕಿನ ನಗರದಲ್ಲಿ ಹಾಳುಬಿದ್ದ ಬಾವಿಯೊಂದನ್ನು 2018ರಲ್ಲಿ ಅಗೆದಾಗ ಮೈಸೂರು ಸೈನ್ಯದ ಸಾವಿರಕ್ಕೂ ಹೆಚ್ಚು ಕಬ್ಬಿಣದ ರಾಕೆಟ್‌ಗಳು ಸಿಕ್ಕವು. ಗೇಣುದ್ದಕ್ಕೆ ಹತ್ತಿರದ ಕೊಳವೆಗಳು. ಹೈದರಾಲಿ, ಟಿಪ್ಪು ಕಾಲದಲ್ಲಿ ಇವಕ್ಕೆ ಬಿದಿರಿನ ಗಳು ಕಟ್ಟಿ ಹಾರಿಸುತ್ತಿದ್ದರು. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದ ಮೇಲೆ ಇಂಥ ರಾಕೆಟ್‌ಗಳು ಇಂಗ್ಲೆಂಡಿಗೆ ಹೋದವು. ಅಲ್ಲಿ ವಿಲಿಯಂ ಕಾಂಗ್ರೀವ್ ತನ್ನ ರಾಕೆಟ್ ರೂಪಿಸಿದ. ಇದರ ಮಾದರಿಗೆ ಕುಗ್ಗಿಸುವ ಅಗತ್ಯವೇ ಇಲ್ಲ. ರಟ್ಟಿನ ಕೊಳವೆಯಲ್ಲಿ ನಿಜ ಅಳತೆಯಲ್ಲೇ ಶಾಲೆಯಲ್ಲಿ ಮಾಡಿ ಗೋಡೆಗೆ ತೂಗುಹಾಕಬಹುದು.

ಇಲ್ಲಿ ಒಂದು ಎಚ್ಚರಿಕೆ. ನಾವು ಮಾತಾಡುತ್ತಿರುವುದು ನೋಡುವ ಮಾದರಿ ಬಗ್ಗೆ. ಮದ್ದು ತುಂಬುವ, ಸಿಡಿಸುವ ಯಾವುದರ ಬಗ್ಗೆಯೂ ಅಲ್ಲ. ಪರವಾನಗಿ ಇಲ್ಲದೆ ಗುಂಡು ಹಾರುವಂಥದ್ದನ್ನು ಮಾಡುವುದು 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಬತ್ತಿಯ ಕಿಂಡಿಯನ್ನು ಬಣ್ಣದ ಚುಕ್ಕೆಯಿಂದ ತೋರಿಸಿದರೆ ಸಾಕು.

ರೂಪಾಯಿಗೆ 366 ಕಿಲೋ

ಸತಾರಾ ಸಂಸ್ಥಾನ ಬ್ರಿಟಿಷರ ವಶವಾದ ಮೇಲೆ ವಿಜಯಪುರವೂ ಅವರ ಕೈಗೆ ಹೋಯಿತು. 1854ರಲ್ಲಿ ಮುಲುಕ ಮೈದಾನವನ್ನು ಗುಜರಿಯ ಲೆಕ್ಕದಲ್ಲಿ ಹರಾಜಿಗೆ ಇಟ್ಟರು. ಬಂದ ದೊಡ್ಡ ಬೇಡಿಕೆ 150 ರೂಪಾಯಿ. 55 ಟನ್ನಿಗೆ 150 ರೂಪಾಯಿ ಎಂದರೆ ರೂಪಾಯಿಗೆ 366 ಕಿಲೋ. ಆ ಹರಾಜು ಕೊನೆಗೆ ರದ್ದಾಯಿತು, ತೋಪು ಉಳಿಯಿತು. ಅಂದು ಯಾರೋ ಒಬ್ಬರು ಹೌದು ಎಂದಿದ್ದರೆ ಇಂದು ಷೇರ್ಜಾ ಬುರುಜಿನ ಮೇಲೆ ಬರೀ ಕಟ್ಟೆ ಇರುತ್ತಿತ್ತು. ತೋಪಿನ ಅಳತೆ, ಬರಹ, ಸಿಂಹ, ಆನೆ ಯಾವುದೂ ನಮಗೆ ಸಿಗುತ್ತಿರಲಿಲ್ಲ. ಹಾಗೆ ಹೌದು ಎನ್ನಿಸಿಕೊಂಡು ಕರಗಿಹೋದ ತೋಪುಗಳ ಲೆಕ್ಕ ಯಾರ ಬಳಿಯೂ ಇಲ್ಲ, ಅವುಗಳ ಪುಟ್ಟ ಮಾದರಿ ಯಾವ ಕಪಾಟಿನಲ್ಲೂ ಇಲ್ಲ.

ಕಿಟ್ಟಿನ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಕಿಟ್ ತೋಪನ್ನು ಚೆಂದ ಮಾಡುತ್ತದೆ. ಮೇಜಿನ ಮೇಲಿನ ತೋಪಿಗೆ ಸದ್ದಿಲ್ಲ, ಹೊಗೆಯಿಲ್ಲ, ಅದರ ಎದುರು ಬಿದ್ದವರಿಲ್ಲ. ಎಳೆದವರೂ ಇಲ್ಲ. 1632ರಲ್ಲಿ ಇದನ್ನು ಮಹಾರಾಷ್ಟ್ರದ ಪರಾಂಡಾ ಕೋಟೆಯಿಂದ ವಿಜಯಪುರಕ್ಕೆ ತಂದರು. 400 ಎತ್ತು, 10 ಆನೆ, ನೂರಾರು ಆಳುಗಳು ಎಳೆದರು ಎಂದು ಹೇಳುತ್ತಾ ಬಂದಿದ್ದಾರೆ. ನೇರ ಗೆರೆ ಎಳೆದರೂ ಸುಮಾರು 160 ಕಿಲೋಮೀಟರ್. ನಡುವೆ ಭೀಮಾ ನದಿ.

ಅದನ್ನೂ ಮಾದರಿಯಲ್ಲಿ ತೋರಿಸೋಣ ಎಂದು ಲೆಕ್ಕ ಹಾಕಿದೆ. 400 ಎತ್ತು ಎಂದರೆ 200 ಜೋಡಿ. ಒಂದೇ ಸಾಲಿನಲ್ಲಿ ಕಟ್ಟಿದರೆ, ಜೋಡಿಗೆ ಮೂರು ಮೀಟರ್ ಹಿಡಿದರೂ 600 ಮೀಟರ್. 35ರಿಂದ ಭಾಗಿಸಿದರೆ 17 ಮೀಟರ್. ತೋಪು 12.7 ಸೆಂಟಿಮೀಟರ್, ಅದನ್ನು ಎಳೆದವರ ಸಾಲು 17 ಮೀಟರ್. ತೋಪನ್ನು ಮೇಜಿನ ಮೇಲಿಡಬಹುದು. ಎತ್ತುಗಳನ್ನಿಡಲು ಮನೆಯ ಪಡಸಾಲೆ ಸಾಲದು, ಓಣಿಗೆ ಇಳಿಯಬೇಕು. ಆ ಎತ್ತುಗಳು ಯಾವ ಊರಿನವು, ಯಾರ ಮನೆಯವು, ಉಳುಮೆ ಬಿಟ್ಟು ಬಂದ ಆ ಆಳುಗಳಿಗೆ ಕೂಲಿ ಸಿಕ್ಕಿತೇ, ಎಷ್ಟು ಎತ್ತು ದಾರಿಯಲ್ಲಿ ಬಿದ್ದವು ಎಂಬುದನ್ನು ತೋಪಿನ ಮೈಮೇಲಿನ ಯಾವ ಬರಹವೂ ಹೇಳುವುದಿಲ್ಲ. ಎರಕಗಾರನ ಹೆಸರಿದೆ, ಸುಲ್ತಾನನ ಹೆಸರಿದೆ, ಬಾದಷಹನ ಗುರುತಿದೆ. ಎಳೆದವರ ಹೆಸರಿಲ್ಲ. ಒಳ್ಳೆಯ ಕಿಟ್ ಯಾರಾದರೂ ಮಾಡಿದರೆ ಅದರ ಚೀಟಿಯಲ್ಲಿ ಈ 17 ಮೀಟರ್ ಲೆಕ್ಕವೂ ಒಂದು ಸಾಲಿನಲ್ಲಿ ಇರಬೇಕು.

ನಿಮ್ಮ ಊರಿನ ತೋಪು

ಮುಲುಕ ಮೈದಾನಕ್ಕೆ ಗೈಡ್ ಇದ್ದಾರೆ, ಫಲಕ ಇದೆ. ಆದರೆ ರಾಯಚೂರು, ಕಲಬುರಗಿ, ಬೀದರ, ಬಾಗಲಕೋಟೆ, ಚಿತ್ರದುರ್ಗದ ಕಡೆಯ ಹಳೆಯ ಕೋಟೆ, ಹುಡೇವುಗಳಲ್ಲಿ ಹೆಸರಿಲ್ಲದ ಸಣ್ಣ ತೋಪುಗಳಿವೆ. ಕೆಲವು ಅರ್ಧ ಮಣ್ಣಿನಲ್ಲಿ, ಕೆಲವು ಊರ ಬಾಗಿಲಲ್ಲಿ. ಕೆಲವಕ್ಕೆ ದನ ಕಟ್ಟುತ್ತಾರೆ, ಕೆಲವದರ ಮೇಲೆ ಬಟ್ಟೆ ಒಣಗುತ್ತದೆ.

ನಿಮ್ಮ ಊರಲ್ಲಿ ಅಂಥದ್ದೊಂದು ಇದ್ದರೆ ಒಂದು ಭಾನುವಾರ ಟೇಪು ಹಿಡಿದು ಹೋಗಿ. ಸಂರಕ್ಷಿತ ಸ್ಮಾರಕವಾದರೆ ಅಲ್ಲಿನ ಕಾವಲುಗಾರರನ್ನು ಕೇಳಿ ಮುಂದುವರಿಯಿರಿ. ಒಟ್ಟು ಉದ್ದ, ಬಾಯಿಯ ಹೊರ ಅಡ್ಡಳತೆ, ತೂತಿನ ಅಡ್ಡಳತೆ, ಹಿಂಬದಿಯ ಸುತ್ತಳತೆ, ಪಕ್ಕದ ಗೂಟಗಳಿಗೆ ಬಾಯಿಯಿಂದ ಇರುವ ದೂರ, ಇಷ್ಟು ಬರೆದುಕೊಳ್ಳಿ. ಬಳೆಗಳಿದ್ದರೆ ಎಣಿಸಿ. ಫೋಟೊ ತೆಗೆಯುವಾಗ ಓರೆಯಾಗಿ ನಿಲ್ಲದೆ ಸರಿಯಾಗಿ ಪಕ್ಕದಿಂದ, ಸರಿಯಾಗಿ ಮುಂದಿನಿಂದ ತೆಗೆಯಿರಿ. ಪಕ್ಕದಲ್ಲಿ ಒಂದು ಸ್ಕೇಲು ಅಥವಾ ಟೇಪು ಇಟ್ಟು ತೆಗೆದರೆ ಮುಂದೆ ಯಾರು ಬೇಕಾದರೂ ಅದರಿಂದ ಅಳತೆ ತೆಗೆಯಬಹುದು. ಬರಹ ಕಂಡರೆ ಉಜ್ಜಬೇಡಿ, ಸುಣ್ಣ ತುಂಬಬೇಡಿ. ಬೆಳಗ್ಗೆ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಫೋಟೊ ತೆಗೆದರೆ ಅಕ್ಷರ ತಾನೇ ಎದ್ದು ಕಾಣುತ್ತದೆ. ನಳಿಗೆಯೊಳಗೆ ಏನಾದರೂ ತುಂಬಿಕೊಂಡಿದ್ದರೆ ಕೆದಕಬೇಡಿ, ಪುರಾತತ್ವ ಇಲಾಖೆಗೆ ತಿಳಿಸಿ.

ಆ ಅಳತೆಯಿಂದ ಶಾಲೆಯ ಮಕ್ಕಳು ರಟ್ಟು, ಜೇಡಿಮಣ್ಣಿನಲ್ಲಿ ಒಂದು ಮಾದರಿ ಮಾಡಲಿ. ಉಕ್ಕಿನ ಅಚ್ಚು ಬೇಕಿಲ್ಲ. ಪಕ್ಕದಲ್ಲಿ ಒಂದು ಕಾಗದ: ಊರು, ಅಳತೆ, ಯಾರು ಅಳೆದರು, ಯಾವ ದಿನ. ಮಾದರಿ ಮಾಡುವ ಮಗು ಕೇಳುವ ಪ್ರಶ್ನೆಗಳು, ಅಂದರೆ ಇದು ಯಾವುದರ ಮೇಲೆ ಕೂತಿತ್ತು, ಯಾರು ಮಾಡಿದರು, ಇಲ್ಲಿಗೆ ಹೇಗೆ ಬಂತು ಎಂಬವು, ಊರಿನ ಹಿರಿಯರ ಬಾಯಿಂದ ಏನನ್ನಾದರೂ ಹೊರತರುತ್ತವೆ. ಅದನ್ನೂ ಅದೇ ಕಾಗದದಲ್ಲಿ ಬರೆಯಿರಿ. ನಾಳೆ ಆ ತೋಪು ಗುಜರಿಯವರ ತಕ್ಕಡಿಗೆ ಹೋದರೂ, ಶಾಲೆಯ ಕಪಾಟಿನಲ್ಲಿ ಅದರ ಒಂದು ಸಾಕ್ಷಿ ಉಳಿದಿರುತ್ತದೆ.